ಮೆಟ್ಟಿಲ ಕೆಳಗಿನ ಪೆಟ್ಟಿಗೆ

ಕರೆಂಟಿನಲ್ಲಿ ಏನಾದರೂ ಎಡವಟ್ಟಾದರೆ ನಾವು ಮೊದಲು ಹುಡುಕುವುದು ಸಡಿಲವಾದ ತಂತಿಯನ್ನಲ್ಲ, ಬೈಯುವುದಕ್ಕೆ ಸಿಗುವ ಮನುಷ್ಯನನ್ನು. ತಂತಿ ಗೋಡೆಯೊಳಗೆ ಇರುತ್ತದೆ, ಮನುಷ್ಯ ಕಣ್ಣೆದುರಿಗೇ ಇರುತ್ತಾನೆ. ಟಿನ್ ಫ್ಯಾಕ್ಟರಿ ಹತ್ತಿರ ಮುನಿರಾಜಪ್ಪನವರ ಕಟ್ಟಡದಲ್ಲೂ ಹೀಗೇ ಆಯಿತು. ಇದು ಎರಡು ಸಾವಿರದ ಎರಡನೇ ಇಸವಿಯ ಮಾತು. ಬೈಸಿಕೊಂಡವಳು ಸಾಬಮ್ಮ.

ಸಾಬಮ್ಮ ಮತ್ತು ಅವಳ ಗಂಡ ಪೀರಪ್ಪ ಯಾದಗಿರಿ ಕಡೆಯವರು. ಕಟ್ಟಡದ ನೆಲಮಹಡಿಯಲ್ಲಿ ಅವರದೊಂದು ಚಿಕ್ಕ ಖಾನಾವಳಿ ಇತ್ತು. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಜೋಳದ ರೊಟ್ಟಿ. ಹಳೇ ಮದ್ರಾಸ್ ರಸ್ತೆಯಲ್ಲಿ ಬಸ್ಸಿಗೆ ಕಾಯುವವರಿಗೆಲ್ಲ ಆ ರೊಟ್ಟಿಯ ಪರಿಚಯವಿತ್ತು. ಮೊದಲನೇ ಮಹಡಿಯಲ್ಲಿ ದಾವಣಗೆರೆಯ ವಿಮಲಾಕ್ಷಿಯ ಕಂಪ್ಯೂಟರ್ ತರಬೇತಿ ಕೇಂದ್ರ. ಕನ್ನಡ ಟೈಪಿಂಗು, ಟ್ಯಾಲಿ, ಡಿಟಿಪಿ ಕಲಿಯಲು ಸುತ್ತಲಿನ ಹೆಣ್ಣುಮಕ್ಕಳು ಬರುತ್ತಿದ್ದರು. ಎರಡನೇ ಮಹಡಿಯಲ್ಲಿ ಕಟ್ಟಡದ ಯಜಮಾನರಾದ ಮುನಿರಾಜಪ್ಪನವರ ಮನೆ. ಬೀದಿಯ ಕಂಬದಿಂದ ಮೂರು ಫೇಸ್ ಕರೆಂಟು ಬರುತ್ತಿತ್ತು, ಮಹಡಿಗೊಂದು ಫೇಸು. ಅದೆಲ್ಲ ಒಳಗೆ ಬರುವ ಕಬ್ಬಿಣದ ಪೆಟ್ಟಿಗೆ ಮೆಟ್ಟಿಲ ಕೆಳಗಿತ್ತು. ಅದಕ್ಕೊಂದು ಬೀಗ, ಬೀಗದ ಕೈ ಮುನಿರಾಜಪ್ಪನವರ ಉಡಿದಾರದಲ್ಲಿ.

ವಿಮಲಾಕ್ಷಿಯ ಕಂಪ್ಯೂಟರುಗಳು ಒಂದೊಂದಾಗಿ ಸುಡತೊಡಗಿದವು. ಟಪ್ ಎಂದು ಶಬ್ದ, ಹಿಂದಿನಿಂದ ಸಣ್ಣ ಹೊಗೆ, ಆಮೇಲೆ ಕಪ್ಪು ಪರದೆ. ರಿಪೇರಿಯವನು ಬಂದು ಪವರ್ ಸಪ್ಲೈ ಡಬ್ಬಿ ಬದಲಾಯಿಸಿ ಹೋಗುತ್ತಿದ್ದ. ಕೆಲವು ದಿನಗಳಲ್ಲಿ ಇನ್ನೊಂದು ಹೋಗುತ್ತಿತ್ತು. ಒಬ್ಬರು ವೈರಸ್ ಎಂದರು. ಇನ್ನೊಬ್ಬರು ಸ್ಟೆಬಿಲೈಜರ್ ಹಾಕಿ ಎಂದರು, ಹಾಕಿದ ಸ್ಟೆಬಿಲೈಜರೇ ಮೊದಲು ಸುಟ್ಟಿತು. ಮತ್ತೊಬ್ಬರು ಕಂಪ್ಯೂಟರುಗಳ ಮುಖ ದಕ್ಷಿಣಕ್ಕಿದೆ ಎಂದಾಗ ಮೇಜುಗಳನ್ನೆಲ್ಲ ತಿರುಗಿಸಿದ್ದೂ ಆಯಿತು. ಅವು ಉತ್ತರಕ್ಕೆ ಮುಖ ಮಾಡಿಕೊಂಡೇ ಸುಟ್ಟವು.

ಕೊನೆಗೆ ಕಾರಣ ಸಿಕ್ಕಿತು ಎಂದು ಎಲ್ಲರೂ ಅಂದುಕೊಂಡರು. ಕೆಳಗೆ ಸಾಬಮ್ಮ ಅಕ್ಕಿ ರುಬ್ಬಲು ಗ್ರೈಂಡರ್ ಹಾಕಿದಾಗಲೇ ಮೇಲೆ ಟ್ಯೂಬ್‌ಲೈಟು ಗುಂಯ್ ಎನ್ನುತ್ತಿತ್ತು, ಫ್ಯಾನು ಹುಚ್ಚು ಹಿಡಿದಂತೆ ತಿರುಗುತ್ತಿತ್ತು. ಆ ಹೊತ್ತಿಗೇ ಕಂಪ್ಯೂಟರು ಸುಡುತ್ತಿತ್ತು. ಒಬ್ಬರಲ್ಲ, ತರಗತಿಯ ಹುಡುಗಿಯರೆಲ್ಲ ನೋಡಿದ್ದರು. ಇಷ್ಟು ಸಾಕ್ಷಿ ಇದ್ದ ಮೇಲೆ ಇನ್ನೇನು ಬೇಕು?

ಹೀಗಾಗಿ ಒಂದು ಕಟ್ಟಳೆ ಹುಟ್ಟಿಕೊಂಡಿತು. ಗ್ರೈಂಡರ್ ಹಾಕುವ ಮೊದಲು ಸಾಬಮ್ಮ ಸೌಟಿನಿಂದ ಮೆಟ್ಟಿಲ ಕಂಬಿಗೆ ಟಣ್ ಟಣ್ ಎಂದು ಬಡಿಯಬೇಕು. ಮೇಲಿನವರು ಟೈಪ್ ಮಾಡಿದ್ದನ್ನು ಉಳಿಸಿಕೊಂಡು ಕಂಪ್ಯೂಟರುಗಳನ್ನು ಆರಿಸಬೇಕು. ಮೇಲಿನಿಂದ "ಹೂಂ" ಎಂದು ಬಂದ ಮೇಲೆ ಗ್ರೈಂಡರ್. ನೆನೆದ ಅಕ್ಕಿ ಮುಂದಿಟ್ಟುಕೊಂಡು, ಗಿರಾಕಿಗಳ ಗೊಣಗಾಟ ಕೇಳಿಕೊಂಡು, ಆ ಹೂಂಕಾರಕ್ಕಾಗಿ ಸಾಬಮ್ಮ ಕಾಯುತ್ತಿದ್ದಳು. ಪಾಪ, ಒಂದು ದಿನವೂ ತಪ್ಪಿಸಲಿಲ್ಲ.

ಒಂದು ದಿನ ಮೇಲೆ ಪರೀಕ್ಷೆ ನಡೆಯುತ್ತಿತ್ತು. ಸಾಬಮ್ಮ ಕಂಬಿ ಬಡಿದಳು. ರಸ್ತೆಯಲ್ಲಿ ಲಾರಿಗಳು ಒಂದರ ಹಿಂದೊಂದು ಹಾರ್ನ್ ಹೊಡೆಯುತ್ತಿದ್ದವು. ಮೇಲಿನಿಂದ ಯಾರೋ "ಹೂಂ" ಎಂದಂತಾಯಿತು. ಅವಳು ಗ್ರೈಂಡರ್ ಹಾಕಿದಳು. ಹುಡುಗಿಯರ ಅರ್ಧ ಪರೀಕ್ಷೆಯಲ್ಲೇ ಎರಡು ಕಂಪ್ಯೂಟರು ಹೊಗೆಯಾಡಿದವು.

ವಿಮಲಾಕ್ಷಿ ಅಳುತ್ತಾ ಎರಡನೇ ಮಹಡಿ ಹತ್ತಿದಳು. ಮುನಿರಾಜಪ್ಪನವರು ಕೆಟ್ಟವರಲ್ಲ, ಆದರೆ ತೀರ್ಮಾನ ಮಾಡುವುದರಲ್ಲಿ ಅವಸರ. ಆಯುಧಪೂಜೆಯೊಳಗೆ ಖಾನಾವಳಿ ಖಾಲಿ ಮಾಡಬೇಕೆಂದು ಸಾಬಮ್ಮನಿಗೆ ಹೇಳಿಬಿಟ್ಟರು. ವಿಮಲಾಕ್ಷಿ ಇಷ್ಟನ್ನು ಕೇಳಿರಲಿಲ್ಲ. ಬೇಡ ಎಂದೂ ಹೇಳಲಿಲ್ಲ. ಅಂದಿನಿಂದ ಅವಳು ಮಧ್ಯಾಹ್ನ ಕೆಳಗಿಳಿದು ರೊಟ್ಟಿ ತಿನ್ನುವುದನ್ನು ಬಿಟ್ಟಳು. ಸಾಬಮ್ಮನ ಮುಖ ನೋಡುವ ಧೈರ್ಯ ಅವಳಿಗಿರಲಿಲ್ಲ.

ಖಾನಾವಳಿ ಹೋದರೆ ಆ ಗಂಡ ಹೆಂಡತಿ ಎಲ್ಲಿಗೆ ಹೋಗಬೇಕು? ಖಾನಾವಳಿಯ ಹಿಂದೆ ಅವರು ವಾಸವಿದ್ದ ಬಾಡಿಗೆ ಕೋಣೆಯೂ ಅದರ ಜೊತೆಗೇ ಬಂದದ್ದು. ಪೀರಪ್ಪ ಬೇರೆ ಅಂಗಡಿ ಹುಡುಕಿಕೊಂಡು ಕೆ.ಆರ್. ಪುರದವರೆಗೂ ನಡೆದ, ರಾಮಮೂರ್ತಿನಗರವನ್ನೂ ಸುತ್ತಿದ. ಎಲ್ಲೂ ಆಗಿಬರಲಿಲ್ಲ. ದಸರೆ ಹತ್ತಿರ ಬರುತ್ತಿತ್ತು.

ಅಷ್ಟರಲ್ಲಿ ರಶ್ಮಿ ಬಂದಳು. ಅವಳು ವಿಮಲಾಕ್ಷಿಯ ಹಾಸ್ಟೆಲ್ ಗೆಳತಿ, ಓದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್. ಇಂದಿರಾನಗರದಲ್ಲಿ ಒಂದು ಕಂಪನಿಯ ಕೆಲಸ. ಬಂಗಲೆಗಳು ಕಚೇರಿಗಳಾಗುವಾಗ ಅವುಗಳ ವೈರಿಂಗ್ ಪರೀಕ್ಷಿಸುವುದೇ ಅವಳ ಉದ್ಯೋಗ. ಊಟದ ಹೊತ್ತಿಗೆ ಬಂದವಳು ಕೆಳಗೆ ರೊಟ್ಟಿ ತಿನ್ನೋಣ ಎಂದಳು. ತಾನು ಬರುವುದಿಲ್ಲ ಎಂದು ವಿಮಲಾಕ್ಷಿ ನಡೆದದ್ದನ್ನೆಲ್ಲ ಹೇಳಿದಳು. ಹೇಳಿದ್ದನ್ನೆಲ್ಲ ಕೇಳಿಯೂ ರಶ್ಮಿಗೆ ಹಸಿವು ಹೋಗಲಿಲ್ಲ. ಒಬ್ಬಳೇ ಇಳಿದು ಹೋದಳು.

ಅವಳು ರೊಟ್ಟಿ ಮುರಿಯುತ್ತಿದ್ದಾಗ ಸಾಬಮ್ಮ ಕಂಬಿ ಬಡಿದಳು, ಕಾದಳು, ಹೂಂ ಕೇಳಿಸಿಕೊಂಡಳು, ಗ್ರೈಂಡರ್ ಹಾಕಿದಳು. ರಶ್ಮಿ ತಲೆ ಎತ್ತಿದಳು. ಖಾನಾವಳಿಯ ಬಲ್ಬು ಕೆಂಪಗೆ ಮಂಕಾಗಿತ್ತು. ಗ್ರೈಂಡರಿನ ಕಲ್ಲು ಮುಲುಕುತ್ತಾ ನಿಧಾನವಾಗಿ ಹೊರಳುತ್ತಿತ್ತು. ಗ್ರೈಂಡರ್ ಹಾಕಿದಾಗಲೆಲ್ಲ ಲೈಟು ಹೀಗೇ ಆಗುತ್ತದೆಯೇ ಎಂದು ಅವಳು ಕೇಳಿದಳು.

ಸಾಬಮ್ಮ ಕೈ ಒರೆಸಿಕೊಂಡು ಹತ್ತಿರ ಬಂದಳು. ಇಷ್ಟು ದಿನದಲ್ಲಿ ಈ ಪ್ರಶ್ನೆ ಕೇಳಿದವರೇ ಇರಲಿಲ್ಲ.

"ಹಿಂಗೇ ಆಗ್ತದ ನೋಡ್ರಿ ಯಕ್ಕಾ. ಮೋಟಾರು ಎರಡು ಸಲ ಸುಟ್ಟದ. ನಮ್ದೂ ಸುಡ್ಲಾಕತ್ತದ ಅಂತ ಯಾರಿಗಿ ಹೇಳ್ಬೇಕ್ರಿ? ಎಲ್ಲಾರೂ ನಾನೇ ಸುಡ್ಲಾಕತ್ತೀನಿ ಅಂತಾರ."

ರಶ್ಮಿ ಉಳಿದ ರೊಟ್ಟಿಯನ್ನು ಕೈಯಲ್ಲೇ ಹಿಡಿದು ಮೆಟ್ಟಿಲು ಹತ್ತಿದಳು. ಮೇಲೆ ಫ್ಯಾನು ಭರ್ರೆಂದು ತಿರುಗುತ್ತಿತ್ತು. ಬ್ಯಾಗಿನಿಂದ ವೋಲ್ಟೇಜ್ ಅಳೆಯುವ ಮೀಟರ್ ತೆಗೆದು ಗೋಡೆಯ ಸಾಕೆಟ್ಟಿಗೆ ಹಿಡಿದಳು. ಇನ್ನೂರ ಮೂವತ್ತರ ಆಸುಪಾಸು ಇರಬೇಕಾದದ್ದು ಮುನ್ನೂರರ ಹತ್ತಿರ ಹೋಗಿತ್ತು.

"ವಿಮ್ಲಾ, ಅವ್ಳು ನಿನ್ ಕಂಪ್ಯೂಟರ್ ಸುಡ್ತಿಲ್ಲ ಕಣೇ," ಎಂದಳು ರಶ್ಮಿ. "ನೀವಿಬ್ರೂ ಒಂದೇ ಕಾರಣಕ್ಕೆ ಸುಟ್ಕೊಳ್ತಿದೀರ. ಅವ್ಳಿಗೆ ಕರೆಂಟ್ ಕಮ್ಮಿ ಆಗಿ, ನಿಂಗೆ ಜಾಸ್ತಿ ಆಗಿ."

ಮುನಿರಾಜಪ್ಪನವರನ್ನು ಕರೆದು ಮೆಟ್ಟಿಲ ಕೆಳಗಿನ ಪೆಟ್ಟಿಗೆ ನೋಡಬೇಕು ಎಂದು ಗೆಳತಿಯರಿಬ್ಬರೂ ಕೇಳಿದರು. ಅವರು ಒಪ್ಪಲಿಲ್ಲ. ಗ್ರೈಂಡರ್ ಹಾಕಿದರೆ ಸುಡುತ್ತದೆ, ಹಾಕದಿದ್ದರೆ ಸುಡುವುದಿಲ್ಲ, ಇದರಲ್ಲಿ ನೋಡುವುದೇನಿದೆ ಎಂದರು. ಅಲ್ಲದೆ ಅದು ತಾವು ವರ್ಷ ವರ್ಷ ಪೂಜೆ ಮಾಡುವ ಪೆಟ್ಟಿಗೆ. ಹಬ್ಬದ ದಿನ ಸ್ನಾನ ಮಾಡಿ ತಾವೇ ತೆಗೆಯುವುದು, ತಮ್ಮನ್ನು ಬಿಟ್ಟು ಇನ್ನಾರೂ ಮುಟ್ಟಿದ್ದಿಲ್ಲ. ಫ್ಯೂಸುಗಳು ಮೂರೂ ಸರಿಯಾಗಿವೆ, ಹೋಗಿದ್ದರೆ ಕರೆಂಟೇ ಇರುತ್ತಿರಲಿಲ್ಲವಲ್ಲ ಎಂದೂ ವಾದಿಸಿದರು. ಮಾತು ತೆಗೆದುಹಾಕುವಂಥದ್ದೇನೂ ಅಲ್ಲ. ನಾವೆಲ್ಲ ಫ್ಯೂಸ್ ಸರಿಯಿದ್ದರೆ ಎಲ್ಲವೂ ಸರಿ ಅಂದುಕೊಳ್ಳುವವರೇ ತಾನೆ?

ರಶ್ಮಿ ವಾದಕ್ಕೆ ಇಳಿಯಲಿಲ್ಲ. ಅವರ ಮನೆಯಿಂದ ಇಸ್ತ್ರಿ ಪೆಟ್ಟಿಗೆ ತರಿಸಿದಳು. ಅವರ ಮನೆಯ ಟಿವಿ, ಫ್ರಿಜ್ಜು, ತರಗತಿಯ ಕಂಪ್ಯೂಟರು, ಎಲ್ಲದರ ಪ್ಲಗ್ಗು ಕೀಳಿಸಿದಳು. ಕೆಳಗೊಂದು ಬಲ್ಬು, ಮೇಲೆ ತರಗತಿಯಲ್ಲೊಂದು ಬಲ್ಬು ಮಾತ್ರ ಉರಿಯುತ್ತಿದ್ದವು. ಮುನಿರಾಜಪ್ಪನವರನ್ನು ಮೆಟ್ಟಿಲ ನಡುವೆ, ಎರಡೂ ಬಲ್ಬು ಕಾಣುವ ಕಡೆ ನಿಲ್ಲಿಸಿದಳು.

ಮೊದಲು ಗ್ರೈಂಡರ್ ಹಾಕಿಸಿದಳು. ಕೆಳಗಿನ ಬಲ್ಬು ಕೆಂಪಾಯಿತು, ಮೇಲಿನದು ಕಣ್ಣು ಕುಕ್ಕುವಷ್ಟು ಬೆಳ್ಳಗಾಯಿತು. ತಾವು ಹೇಳಿದ್ದೂ ಇದನ್ನೇ ಎಂದು ಮುನಿರಾಜಪ್ಪನವರು ಸಾಬಮ್ಮನ ಕಡೆ ನೋಡಿದರು. ಅವಳು ತಲೆ ತಗ್ಗಿಸಿದಳು.

ಗ್ರೈಂಡರ್ ನಿಲ್ಲಿಸಿ, ಈಗ ತರಗತಿಯಲ್ಲಿ ಇಸ್ತ್ರಿ ಪೆಟ್ಟಿಗೆ ಹಾಕು ಎಂದು ರಶ್ಮಿ ವಿಮಲಾಕ್ಷಿಗೆ ಹೇಳಿದಳು. ಈ ಸಲ ಮೇಲಿನ ಬಲ್ಬು ಕೆಂಪಾಯಿತು. ಕೆಳಗೆ ಸಾಬಮ್ಮನ ಬಲ್ಬು ಬೆಳ್ಳಗೆ ಉರಿಯಿತು.

ಮುನಿರಾಜಪ್ಪನವರು ಕೆಳಗೊಮ್ಮೆ ಮೇಲೊಮ್ಮೆ ನೋಡಿದರು. ಇನ್ನೊಮ್ಮೆ ಮಾಡಿಸಿ ಎಂದರು. ಮಾಡಿಸಿದಳು. ಮತ್ತೆ ಹಾಗೇ ಆಯಿತು.

"ಯಜಮಾನ್ರೇ, ಈಗ ವಿಮಲಾನೂ ಖಾಲಿ ಮಾಡ್ಬೇಕಾ?" ಎಂದು ರಶ್ಮಿ ಮೆಲ್ಲಗೆ ಕೇಳಿದಳು. "ಇಸ್ತ್ರಿ ಪೆಟ್ಟಿಗೆ ನಿಮ್ದೇ. ಹಂಗ್ ನೋಡಿದ್ರೆ ನೀವೂ ಮಾಡ್ಬೇಕಾಗುತ್ತೆ."

ಅವರಿಗೆ ನಗು ಬರಲಿಲ್ಲ. ಹೋದ ವರ್ಷ ಅವರ ಟಿವಿಯೂ ಸುಟ್ಟಿತ್ತು, ಸಿಡಿಲಿನ ಮೇಲೆ ತಪ್ಪು ಹೊರಿಸಿದ್ದರು. ಅದು ಈಗ ನೆನಪಿಗೆ ಬಂತು. ಏನಮ್ಮಾ ಇದು, ಬಿಡಿಸಿ ಹೇಳು ಎಂದು ಮೆಟ್ಟಿಲ ಮೇಲೇ ಕುಳಿತರು.

ರಶ್ಮಿ ಹೇಳಿದ್ದು ಇಷ್ಟು. ಮದುವೆಗೆ ಶಾಮಿಯಾನ ಹಾಕುತ್ತಾರಲ್ಲ, ಅದರ ನಡುಗಂಬ ನೆಲದಲ್ಲಿ ಗಟ್ಟಿಯಾಗಿ ಊರಿದ್ದರೆ ಮೂರು ಕಡೆಯಿಂದ ಯಾರು ಎಷ್ಟು ಎಳೆದರೂ ಬಟ್ಟೆ ಸಮನಾಗಿರುತ್ತದೆ. ಕಂಬದ ಬುಡ ಸಡಿಲವಾದರೆ ಜೋರಾಗಿ ಎಳೆದವರ ಕಡೆಗೆ ಕಂಬ ವಾಲುತ್ತದೆ. ಅವರ ಕಡೆಯ ಬಟ್ಟೆ ಜೋತುಬೀಳುತ್ತದೆ, ಉಳಿದವರ ಕಡೆಯದು ಬಿಗಿದು ಹರಿಯುತ್ತದೆ. ಮೂರು ಫೇಸಿನ ಕಟ್ಟಡದಲ್ಲಿ ಆ ನಡುಗಂಬವೇ ನ್ಯೂಟ್ರಲ್ ತಂತಿ. ಮೂರೂ ಮಹಡಿಗೆ ಸೇರಿದ್ದು ಅದೊಂದೇ. ಅದು ಎಲ್ಲೋ ಸಡಿಲವಾಗಿದೆ. ಫ್ಯೂಸು ಇದನ್ನು ಹೇಳುವುದಿಲ್ಲ. ಲೈಟು ಉರಿಯುತ್ತಲೇ ಇರುತ್ತದೆ, ಫ್ಯಾನು ತಿರುಗುತ್ತಲೇ ಇರುತ್ತದೆ, ಸಾಮಾನು ಸುಡುತ್ತಲೇ ಇರುತ್ತದೆ. ಅದೃಷ್ಟ ಕೆಟ್ಟರೆ ಸಡಿಲವಾದ ಜಾಗವೇ ಕಾದು ಬೆಂಕಿ ಹತ್ತಿಕೊಳ್ಳುತ್ತದೆ.

ಮುನಿರಾಜಪ್ಪನವರು ಎದ್ದು ಪೆಟ್ಟಿಗೆಯ ಮುಂದೆ ಬಂದರು. ಆಮೇಲೆ ಉಡಿದಾರದಿಂದ ಬೀಗದ ಕೈ ಬಿಚ್ಚಿ ಕೊಟ್ಟರು.

ರಶ್ಮಿ ತಕ್ಷಣ ಪೆಟ್ಟಿಗೆಗೆ ಕೈ ಹಾಕಲಿಲ್ಲ. ಇದನ್ನು ನೆನಪಿಡಿ, ಎಂಜಿನಿಯರಿಂಗ್ ಓದಿದವಳೂ ಹಾಕಲಿಲ್ಲ. ಪೆಟ್ಟಿಗೆಯ ಸ್ವಿಚ್ಚು ಇಳಿಸಿದರೂ ಕಂಬದಿಂದ ಬರುವ ತಂತಿಯಲ್ಲಿ ಕರೆಂಟು ಇದ್ದೇ ಇರುತ್ತದೆ. ವಿದ್ಯುತ್ ಕಚೇರಿಗೆ ತಿಳಿಸಿದರು. ಮಾರನೆಯ ದಿನ ಲೈನ್‌ಮನ್ ಬಂದು ಕಂಬದಲ್ಲೇ ಫ್ಯೂಸು ತೆಗೆದ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ತಂತಿಯಲ್ಲಿ ಕರೆಂಟಿಲ್ಲವೆಂದು ಟೆಸ್ಟರ್ ಹಿಡಿದು ಖಾತ್ರಿ ಮಾಡಿಕೊಂಡ. ಆಮೇಲೆ ಬಾಗಿಲು ತೆಗೆದರು.

ಒಳಗೆ ಹೂವು ತುಂಬಿತ್ತು. ಒಣಗಿ ಕಪ್ಪಾದ ಸೇವಂತಿಗೆ ಹಾರಗಳು, ಒಂದರ ಮೇಲೊಂದು. ಹಾರದ ದಾರ ತಂತಿಗಳಿಗೆ ಸುತ್ತಿಕೊಂಡಿತ್ತು. ಅರಿಸಿನ ಕುಂಕುಮ ನೀರಿನಲ್ಲಿ ಕರಗಿ ತಗಡಿನ ಮೇಲೆ ಇಳಿದು ಗಟ್ಟಿಯಾಗಿತ್ತು. ಎಲೆಕ್ಟ್ರಿಷಿಯನ್ ಹಾರಗಳನ್ನು ಒಂದೊಂದಾಗಿ ಬಿಡಿಸಿ ತೆಗೆದ. ಅವುಗಳ ಹಿಂದೆ, ಕೆಳಮೂಲೆಯಲ್ಲಿ, ನ್ಯೂಟ್ರಲ್ ತಂತಿಗಳು ಸೇರುವ ಹಿತ್ತಾಳೆ ಪಟ್ಟಿ ಕಂಡಿತು. ಹಸಿರು ಕಿಲುಬು ಹಿಡಿದಿತ್ತು. ದಪ್ಪ ತಂತಿಯ ತುದಿ ಸುಟ್ಟು ಕರಿಯಾಗಿತ್ತು. ಅವನು ಬೆರಳಿನಿಂದ ಮುಟ್ಟಿದರೆ ಸ್ಕ್ರೂ ಅಲುಗಾಡಿತು.

ಪ್ರತಿ ಆಯುಧಪೂಜೆಗೆ ಮುನಿರಾಜಪ್ಪನವರು ಪೆಟ್ಟಿಗೆಯ ಒಳಗೇ ಹಾರ ಹಾಕಿ, ಮಾವಿನೆಲೆಯಿಂದ ನೀರು ಪ್ರೋಕ್ಷಿಸಿ, ಬೀಗ ಜಡಿದುಬಿಡುತ್ತಿದ್ದರು. ಬಾಗಿಲ ಹೊರಗೆ ಹಾಕಿದರೆ ರಸ್ತೆಯಲ್ಲಿ ಹೋಗುವವರು ಹೂವು ಕೀಳುತ್ತಾರೆ ಎಂಬ ಚಿಂತೆ ಅವರಿಗೆ. ಹಸಿ ಹಾರದ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಆ ಪಟ್ಟಿಯ ಮೇಲೇ ಕೂರುತ್ತಿತ್ತು. ವರ್ಷ ವರ್ಷವೂ ಹಾಗೇ.

ಅವರ ಕಣ್ಣು ತುಂಬಿಕೊಂಡಿತು.

"ಏನೂ ಆಗ್ದಿರ್ಲಿ ಅಂತ ತಾನೇ ನಾನ್ ಪೂಜೆ ಮಾಡಿದ್ದು," ಎಂದರು. "ಆ ಯಮ್ಮನ್ನ ಬೀದಿಗೆ ಹಾಕ್ಬಿಡ್ತಿದ್ನಲ್ಲಮ್ಮ."

ರಶ್ಮಿಗೆ ಅವರನ್ನು ಕಂಡು ಕನಿಕರವಾಯಿತು. ನಿಮ್ಮ ಭಕ್ತಿಯಲ್ಲಿ ಯಾವ ತಪ್ಪೂ ಇಲ್ಲ, ತೇವದ ಹೂವು ಕರೆಂಟಿನ ಒಳಗೆ ಹೋದದ್ದೇ ತಪ್ಪು ಎಂದಳು. ಬಾಗಿಲ ಹೊರಗೆ ಹಾಕಿದ ಹಾರವೂ ದೇವರಿಗೆ ತಲುಪುತ್ತದೆ, ಯಾರಾದರೂ ಹೂವು ಕಿತ್ತುಕೊಂಡರೆ ಮುಡಿದುಕೊಳ್ಳಲಿ ಬಿಡಿ ಎಂದಳು.

ಹಳೆಯ ಪಟ್ಟಿ ತೆಗೆದು ಹೊಸದು ಹಾಕಿದರು. ಸುಟ್ಟ ತುದಿಯನ್ನು ಕತ್ತರಿಸಿ ಹೊಸ ಲಗ್, ಅಂದರೆ ತಂತಿಯ ತುದಿಗೆ ಹಾಕುವ ಲೋಹದ ಬಳೆ, ಕೂರಿಸಿ ಬಿಗಿ ಮಾಡಿದರು. ಪೆಟ್ಟಿಗೆಯನ್ನು ಒಣಬಟ್ಟೆಯಲ್ಲಿ ಒರೆಸಿದರು. ಸೋರಿದ ಕರೆಂಟನ್ನು ನೆಲಕ್ಕಿಳಿಸುವ, ಸದಾ ಒದ್ದೆಯಿರಬೇಕಾದ ಅರ್ಥ್ ಗುಂಡಿಯನ್ನೂ ರಶ್ಮಿ ಕೇಳಿ ನೋಡಿದಳು, ಅದರ ಮೇಲೆ ಯಾರೋ ಸಿಮೆಂಟು ಹಾಕಿ ಮುಚ್ಚಿದ್ದರು. ಅದನ್ನೂ ಬಿಡಿಸಿ ನೀರು ಹೋಗುವಂತೆ ಮಾಡಿದರು. ವೋಲ್ಟೇಜ್ ಮಿತಿಮೀರಿದರೆ ತಾನೇ ಕಡಿಯುವ ಒಂದು ಸಾಧನವನ್ನು ತರಗತಿಗೆ ಹಾಕಿಸಲು ವಿಮಲಾಕ್ಷಿಗೆ ಹೇಳಿದಳು. ಆದರೆ ಮೂಲ ಸರಿಮಾಡದೆ ಅಂಥದ್ದನ್ನು ಎಷ್ಟು ಹಾಕಿದರೂ ಪ್ರಯೋಜನವಿಲ್ಲ ಎಂಬುದನ್ನೂ ಸೇರಿಸಿದಳು.

ಲೈನ್‌ಮನ್ ಕಂಬದಲ್ಲಿ ಫ್ಯೂಸು ಹಾಕಿದ. ಮೂರೂ ಮಹಡಿಯಲ್ಲಿ ಮೀಟರ್ ಹಿಡಿದು ನೋಡಿ ಸರಿಯಿದೆಯೆಂದ ಮೇಲೆ ವಿಮಲಾಕ್ಷಿ ಕಂಪ್ಯೂಟರುಗಳನ್ನು ಹಾಕಿದಳು. ಕೆಳಗೆ ಸಾಬಮ್ಮ ಗ್ರೈಂಡರಿನ ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತಿದ್ದಳು. ಒತ್ತಲು ಕೈ ಬರಲಿಲ್ಲ. ಕಂಬಿ ಬಡಿಯಲು ಸೌಟಿಗೆ ಕೈ ಹಾಕಿದಳು.

ವಿಮಲಾಕ್ಷಿ ತಾನೇ ಮೆಟ್ಟಿಲಿಳಿದು ಬಂದು ಅವಳ ಪಕ್ಕ ನಿಂತಳು.

"ಕಂಬಿ ಬಡೀಬೇಡ ಸಾಬಮ್ಮ. ಇನ್ಮೇಲೆ ಯಾರನ್ನೂ ಕೇಳ್ಬೇಡ. ಹಾಕು."

ಸಾಬಮ್ಮ ಹಾಕಿದಳು. ಬಲ್ಬು ಇದ್ದಂತೆಯೇ ಇತ್ತು. ಕಲ್ಲು ಸರಾಗವಾಗಿ ತಿರುಗಿತು. ಮೇಲಿನಿಂದ ಕೀಲಿಮಣೆಗಳ ಟಕಟಕ ನಿಲ್ಲದೆ ಕೇಳುತ್ತಿತ್ತು. ನಿನ್ನನ್ನು ಒಂದು ಮಾತು ಕೇಳಬೇಕಿತ್ತು, ಕೇಳದೆ ಹೋದೆ ಎಂದು ವಿಮಲಾಕ್ಷಿ ಅವಳ ಕೈ ಹಿಡಿದುಕೊಂಡಳು. ಸಾಬಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಕುಂದ್ರಿ ಯಕ್ಕಾ, ರೊಟ್ಟಿ ಬಿಸಿ ಅದ ಎಂದಳು.

ಆ ವರ್ಷದ ಆಯುಧಪೂಜೆಗೆ ಖಾನಾವಳಿ ಖಾಲಿಯಾಗಲಿಲ್ಲ. ಹಬ್ಬಕ್ಕೆ ಮೊದಲು ಎಲೆಕ್ಟ್ರಿಷಿಯನ್ ಬಂದು ಪೆಟ್ಟಿಗೆಯ ಸ್ಕ್ರೂಗಳನ್ನೆಲ್ಲ ನೋಡಿ ಬಿಗಿ ಮಾಡಿದ. ಬಾಗಿಲು ಮುಚ್ಚಿದ ಮೇಲೆ ಮುನಿರಾಜಪ್ಪನವರು ಹೊರಗೊಂದು ದೊಡ್ಡ ಹಾರ ಹಾಕಿದರು. ಗ್ರೈಂಡರಿಗೂ ಕಂಪ್ಯೂಟರಿಗೂ ಒಂದೇ ಆರತಿ ಆಯಿತು. ಸಂಜೆಯ ಹೊತ್ತಿಗೆ ಪೆಟ್ಟಿಗೆಯ ಮೇಲಿನ ಹೂವು ಅರ್ಧ ಖಾಲಿಯಾಗಿತ್ತು, ತರಗತಿಯ ಹುಡುಗಿಯರೇ ಮುಡಿದಿದ್ದರು. ಈಗ ಆ ಕಟ್ಟಡದಲ್ಲಿ ಸ್ಕ್ರೂ ಬಿಗಿ ಮಾಡಿಸದೆ ಪೂಜೆ ಶುರುವಾಗುವುದಿಲ್ಲ.

ಕಂಬಿ ಬಡಿಯುವ ಅಭ್ಯಾಸ ಮಾತ್ರ ಉಳಿದಿದೆ. ಮಧ್ಯಾಹ್ನ ಟಣ್ ಟಣ್ ಎಂದರೆ ಭೇಟಿಗೆ ಬಂದ ಹಳೆಯ ಹುಡುಗಿಯರ ಕೈ ತಾನಾಗಿ ಸ್ವಿಚ್ಚಿನ ಕಡೆ ಹೋಗುತ್ತದೆ. ಆಮೇಲೆ ನೆನಪಾಗಿ ನಗುತ್ತಾರೆ. ಈಗ ಅದು ರೊಟ್ಟಿ ಆಗಿದೆ ಎಂದು ಸಾಬಮ್ಮ ಊಟಕ್ಕೆ ಕರೆಯುವ ಸದ್ದು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕಟ್ಟಡದಲ್ಲೂ ಮೆಟ್ಟಿಲ ಕೆಳಗೆ ಇಂಥ ಪೆಟ್ಟಿಗೆ ಇದ್ದೇ ಇರುತ್ತದೆ. ಒಬ್ಬರ ಲೈಟು ಮಂಕಾದಾಗ ಇನ್ನೊಬ್ಬರದು ಹೆಚ್ಚು ಬೆಳಗುತ್ತಿದೆಯೇ? ಫ್ಯಾನು ಇದ್ದಕ್ಕಿದ್ದಂತೆ ಜೋರಾಗುತ್ತಿದೆಯೇ? ಪದೇ ಪದೇ ಕಂಪ್ಯೂಟರು, ಟಿವಿ ಸುಡುತ್ತಿವೆಯೇ? ಹಾಗಿದ್ದರೆ ಮೊದಲು ಎಲ್ಲ ಸಾಮಾನುಗಳ ಪ್ಲಗ್ಗು ತೆಗೆಯಿರಿ, ಮೇನ್ ಸ್ವಿಚ್ಚು ಇಳಿಸಿ, ವಿದ್ಯುತ್ ಕಚೇರಿಗೂ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೂ ತಿಳಿಸಿ. ರಶ್ಮಿ ಮಾಡಿದ ಬಲ್ಬಿನ ಪರೀಕ್ಷೆಯನ್ನು ನೀವು ಮಾಡಲು ಹೋಗಬೇಡಿ, ನೀವೇ ಪೆಟ್ಟಿಗೆ ತೆಗೆಯಬೇಡಿ, ನ್ಯೂಟ್ರಲ್ ತಂತಿಗೆ ಫ್ಯೂಸು ಹಾಕಲು ಯಾರಿಗೂ ಬಿಡಬೇಡಿ, ಆ ಫ್ಯೂಸು ಹೋದರೆ ನಡುಗಂಬವೇ ಕಿತ್ತಂತೆ. ವರ್ಷಕ್ಕೊಮ್ಮೆ ಪೆಟ್ಟಿಗೆಯನ್ನು ಪರೀಕ್ಷೆ ಮಾಡಿಸಿ. ಹೂವು, ನೀರು, ಕುಂಕುಮ ಎಲ್ಲ ಬಾಗಿಲ ಹೊರಗಿರಲಿ.

ಅದಕ್ಕೂ ಮೊದಲು, ನೀವು ಬೈಯಬೇಕೆಂದಿರುವ ಪಕ್ಕದವರ ಬಾಗಿಲು ತಟ್ಟಿ, ನಿಮ್ಮ ಲೈಟು ಹೇಗಿದೆ ಎಂದು ಒಂದು ಮಾತು ಕೇಳಿ. ಅವರದೂ ಸುಡುತ್ತಿರಬಹುದು.